ಸೂಜಿಗೆ ಮುಂಚೆ ಕೇಳಿದ ಪ್ರಶ್ನೆಗಳು

ಕೋವಿಡ್ ಲಸಿಕೆ ಹಳ್ಳಿಗಳಿಗೆ ಬರತೊಡಗಿದ 2021ರ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿಯೂ ಟಿವಿ ಚರ್ಚೆಗಳಲ್ಲಿಯೂ ಪದೇ ಪದೇ ಒಂದು ಮಾತು ಕೇಳಿಬರುತ್ತಿತ್ತು: ಹಳ್ಳಿಯ ಜನ ಹಿಂದೇಟು ಹಾಕುತ್ತಿದ್ದಾರೆ, ಅವರಿಗೆ ತಿಳಿವಳಿಕೆ ಸಾಲದು, ಮೂಢನಂಬಿಕೆ ಹೆಚ್ಚು. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ಹೊತ್ತು ತಂದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಆ ಕಾಲವನ್ನು ಕಳೆದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಹಿಂದೇಟು ಹಾಕಿದವರಲ್ಲಿ ಬಹಳಷ್ಟು ಮಂದಿ ಲಸಿಕೆಯೊಂದರ ಒಡನಾಟದಲ್ಲಿ ಮೂವತ್ತು ವರ್ಷ ಬಾಳಿದವರು. ಲಸಿಕೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಮ್ಮ ತೋಳಿನಲ್ಲಿಯೇ ಅನುಭವಿಸಿದವರು. ಅವರು ಕೇಳಿದ ಪ್ರಶ್ನೆಗಳ ಬಗ್ಗೆ ಬರೆಯಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೆ.

ಆ ಲಸಿಕೆ ಮಂಗನ ಕಾಯಿಲೆಯದು. ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮ ತಾಲೂಕಿಗೆ ತಾಗಿಕೊಂಡೇ ಇರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮುಸಿಯ ಮತ್ತು ಕೆಂಪು ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದಿದ್ದವು, ಕಾಡಿಗೆ ಹೋಗಿಬಂದ ಜನರಿಗೆ ಇದ್ದಕ್ಕಿದ್ದಂತೆ ಜ್ವರ ಏರುತ್ತಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಅದೊಂದು ಹೊಸ ವೈರಾಣು, ಉಣುಗಿನ ಕಡಿತದಿಂದ ಹರಡುವಂಥದ್ದು ಎಂದು ಕಂಡುಹಿಡಿದರು. ಅದೇ ಕೇಂದ್ರ ಇಂದು ರಾಷ್ಟ್ರೀಯ ವೈರಾಣು ಸಂಸ್ಥೆ. ಕೊವ್ಯಾಕ್ಸಿನ್ ತಯಾರಿಕೆಗೆ ಬೇಕಾದ ಕೊರೊನಾ ವೈರಾಣುವನ್ನು ಬೇರ್ಪಡಿಸಿ ಭಾರತ್ ಬಯೋಟೆಕ್‌ಗೆ ಕೊಟ್ಟದ್ದೂ ಇದೇ ಸಂಸ್ಥೆ. ನಮ್ಮ ಕಾಡಂಚಿನ ಜ್ವರವನ್ನು ಹುಡುಕಿಕೊಂಡು ಬಂದವರ ಪರಂಪರೆಯೇ ಅರವತ್ತಕ್ಕೂ ಹೆಚ್ಚು ವರ್ಷಗಳ ಅನಂತರ ಇಡೀ ದೇಶದ ಲಸಿಕೆಗೆ ಕೈ ಹಾಕಿತ್ತು ಎಂಬ ಸಂಗತಿಯನ್ನು ಊರಿನಲ್ಲಿ ಯಾರೂ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೇಳುವವರಿದ್ದರು.

ಡಿಸೆಂಬರಿನಿಂದ ಮೇ ತಿಂಗಳವರೆಗೆ ನಮ್ಮ ಕಡೆ ಸೊಪ್ಪಿನ ಬೆಟ್ಟಕ್ಕೆ ಹೋಗದೆ ಬದುಕು ನಡೆಯುವುದಿಲ್ಲ. ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು, ಅಂದರೆ ಒಣಗಿದ ಎಲೆ ಬೇಕು, ಒಲೆಗೆ ಸೌದೆ ಬೇಕು. ಉಣುಗಿನ ಕಾಟವೂ ಅದೇ ತಿಂಗಳುಗಳಲ್ಲಿ. ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆಯವರು ಹಂಚುತ್ತಿದ್ದ ಡಿಎಂಪಿ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು, ಬಂದವರು ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಕುದಿಸಬೇಕು, ಇದರ ಜತೆಗೆ ಲಸಿಕೆ. 1990ರ ಹೊತ್ತಿನಿಂದ ಬಳಕೆಗೆ ಬಂದ ಈ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ, ಜಾನುವಾರು ಲಸಿಕೆಗಳನ್ನು ತಯಾರಿಸುವ ಸರಕಾರಿ ಸಂಸ್ಥೆಯಲ್ಲಿ ಮಾಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಉರಿಯುತ್ತಿತ್ತು, ತೋಳು ಬಾತು ಎರಡು ಮೂರು ದಿನ ಕತ್ತಿ ಹಿಡಿಯಲಾಗುತ್ತಿರಲಿಲ್ಲ. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ತೋಳು ಹೋದರೆ ದಿನದ ಕೂಲಿ ಹೋದಂತೆ. ಹಾಗಾಗಿ ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ಕಡಿಮೆಯಾಗುತ್ತಿದ್ದರು, ಬೂಸ್ಟರಿಗೆ ಇನ್ನೂ ಕಡಿಮೆಯಾಗುತ್ತಿದ್ದರು. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಎರಡು ಡೋಸಿನ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ಎಂದು ಹೇಳಿತು. ಎರಡು ಡೋಸ್ ಹಾಕಿಸಿಕೊಂಡೂ ಕಾಯಿಲೆ ಬಿದ್ದವರು ಊರೂರಿನಲ್ಲಿ ಯಾಕೆ ಇದ್ದರು ಎಂಬುದಕ್ಕೆ ಈ ಅಂಕಿಗಳಲ್ಲಿಯೇ ಉತ್ತರವಿದೆ. ಆದರೆ ತೋಳು ಬಾಯಿಸಿಕೊಂಡವರ ಕೈಗೆ ಈ ಅಂಕಿ ತಲುಪಲಿಲ್ಲ. ಅವರಿಗೆ ತಿಳಿದದ್ದು ಒಂದೇ: ಹಾಕಿಸಿಕೊಂಡರೆ ಬರುವುದಿಲ್ಲ ಎಂದಿದ್ದರು, ಹಾಕಿಸಿಕೊಂಡವನಿಗೇ ಬಂತು.

ಸಾಗರ ತಾಲೂಕಿನ ಅರಳಗೋಡಿನಲ್ಲಿ 2018ರ ಕೊನೆ ಮತ್ತು 2019ರ ಆರಂಭದಲ್ಲಿ ಮಂಗನ ಕಾಯಿಲೆ ಸಾವುಗಳನ್ನು ತಂದಾಗ ಶರಾವತಿಯ ಈಚೆಗಿನ ನಮ್ಮ ಊರುಗಳಲ್ಲಿಯೂ ಜನ ಕಾಡಿನ ದಾರಿ ಬಿಟ್ಟು ನಡೆದಿದ್ದರು. ಆ ನೆನಪು ಹಸಿಯಾಗಿರುವಾಗಲೇ ಕೊರೊನಾ ಬಂತು. 2020ರ ಮಾರ್ಚ್ ಆರಂಭದಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ ಎಂದಿನಂತೆಯೇ ನಡೆದಿತ್ತು. ಬಿಡಕಿ ಬೈಲಿನ ಗದ್ದಿಗೆಯ ಮುಂದೆ ಹೆಗಲಿಗೆ ಹೆಗಲು ತಾಗಿ ನಿಂತ ಜನ, ಎರಡು ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೇಳಲು ಹೋಗುವುದಕ್ಕೂ ಅಳುಕಿದರು. ತಿಂಗಳ ಕೊನೆಯಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಭಟ್ಕಳದಲ್ಲಿ ಕಂಡವು. ಅಲ್ಲಿನ ಸೋಂಕಿತರನ್ನು ಕಾರವಾರದ ಕದಂಬ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ಒಯ್ದು ಚಿಕಿತ್ಸೆ ಕೊಟ್ಟರು. ನೌಕಾಪಡೆಯ ಆಸ್ಪತ್ರೆಯ ಬಾಗಿಲು ಊರ ಜನರಿಗೆ ತೆರೆದದ್ದನ್ನು ಅಪ್ಪ ದಿನಕ್ಕೆರಡು ಸಲ ಹೇಳುತ್ತಿದ್ದರು. ಗಂಭೀರ ಕಾಯಿಲೆ ಬಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಇಲ್ಲವೇ ಗೋವಾದ ಬಾಂಬೋಳಿ ಎಂದು ಜಿಲ್ಲೆಯ ಗಡಿ ದಾಟಿಯೇ ಅಭ್ಯಾಸವಾದ ನಮಗೆ, ಗಡಿಗಳೆಲ್ಲ ಮುಚ್ಚಿದ ಹೊತ್ತಿನಲ್ಲಿ ಜಿಲ್ಲೆಯೊಳಗೇ ಒಂದು ಆಸ್ಪತ್ರೆ ಒದಗಿತು ಎಂಬುದು ಸಣ್ಣ ಸುದ್ದಿಯಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆಯೂ ಇತ್ತು ಎಂಬುದನ್ನು ಹೊರಗಿನವರು ಮರೆತಿರುತ್ತಾರೆ. ಮನೆಯಲ್ಲಿ ಒಬ್ಬರಿಗೆ ಮೈ ಬಿಸಿಯಾದರೆ ಎರಡು ಹೆದರಿಕೆ ಒಟ್ಟಿಗೇ ಬರುತ್ತಿದ್ದವು. ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೋ ಕೆಲಸಕ್ಕೆ ಬರುವ ಹೆಂಗಸರಿಗೋ ಜ್ವರ ಬಂದರೆ, ಬೆಟ್ಟಕ್ಕೆ ಹೋಗಿದ್ದೆಯಾ ಎಂದು ಮೊದಲು ಕೇಳುವುದು, ಪೇಟೆಗೆ ಹೋಗಿದ್ದೆಯಾ ಎಂದು ಆಮೇಲೆ ಕೇಳುವುದು. ಎರಡಕ್ಕೂ ಆರ್‌ಟಿ-ಪಿಸಿಆರ್ ಪರೀಕ್ಷೆಯೇ, ಆದರೆ ಮಂಗನ ಕಾಯಿಲೆಗೆ ರಕ್ತ, ಕೊರೊನಾಕ್ಕೆ ಮೂಗು ಗಂಟಲಿನ ದ್ರವ. ಅಡಿಕೆ ವ್ಯಾಪಾರ ನಿಂತಿತ್ತು, ಸುಲಿದ ಚಾಲಿ ಮೂಟೆ ಮೂಟೆಯಾಗಿ ಮೆತ್ತಿಯ ಮೇಲೆ ಕೂತಿತ್ತು. ಸಂಜೆಯಾದರೆ ಸುತ್ತಲಿನ ಊರುಗಳಿಂದ ಕೇಳಿಬರುತ್ತಿದ್ದ ಯಕ್ಷಗಾನದ ಚಂಡೆ ಮಾರ್ಚಿಗೇ ಬಂದಾಗಿ ಮೇಳಗಳ ಕಲಾವಿದರು ಮನೆ ಸೇರಿದ್ದರು.

ಈ ಎಲ್ಲದರ ನಡುವೆ ಮನೆಮನೆಗೆ ತಪ್ಪದೆ ಬಂದವರು ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ನರ್ಸ್. ನಮ್ಮ ಊರಿನಲ್ಲಿ ನರ್ಸನ್ನು ಅಕ್ಕೋರು ಎಂದೇ ಕರೆಯುವುದು. ಕುಮಟಾ ಕಡೆಯವರಾದ ಅವರು ನಮ್ಮ ಉಪಕೇಂದ್ರದಲ್ಲಿ ಬಹಳ ವರ್ಷ ಇದ್ದವರು. ಬೆಂಗಳೂರಿನಿಂದ ಬಂದ ನನ್ನ ಕೈಗೆ ಮೊಹರು ಒತ್ತಿಸಿ, ಅಂಗಳದ ಆಚೆಯೇ ನಿಂತು ದಿನವೂ ಜ್ವರ ಕೇಳಿಕೊಂಡು ಹೋಗುತ್ತಿದ್ದವರು ಅವರೇ. ಆಶಾ ಆಗಿದ್ದವಳು ನಮ್ಮದೇ ಕೇರಿಯ ಹೆಂಗಸು. ಅದೇ ವರ್ಷದ ಜುಲೈ ತಿಂಗಳಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಿದಾಗ ಅವಳೂ ಸೇರಿದ್ದಳು. ಚಪ್ಪಾಳೆ ತಟ್ಟಿದ ಸಮಾಜ ಆ ಬೇಡಿಕೆಗೆ ಕಿವಿಗೊಟ್ಟದ್ದು ಕಡಿಮೆ ಎಂಬುದು ನನಗೆ ಈಗಲೂ ಸಂಕಟದ ವಿಷಯ. ಅವರ ಕೆಲಸ ಸೇವೆ ಎಂದಾದರೆ ಆ ಸೇವೆಗೆ ಅನ್ನ ಬೇಡವೇ?

ದೇಶದಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು, ಆರೋಗ್ಯ ಸಿಬ್ಬಂದಿಯಿಂದ. ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಕೊಡತೊಡಗಿದರು. ಹೆಸರು ಪಟ್ಟಿ ಮಾಡಿಕೊಳ್ಳಲು ಅಕ್ಕೋರು ನಮ್ಮ ಜಗಲಿಗೆ ಬಂದ ಸಂಜೆ ಅಪ್ಪ ಮತ್ತು ಅವರ ನಡುವೆ ನಡೆದ ಮಾತನ್ನು ನಾನು ಪಕ್ಕದಲ್ಲಿಯೇ ಕೂತು ಕೇಳಿದ್ದೇನೆ. ಅಪ್ಪ ಮಂಗನ ಕಾಯಿಲೆಯ ಎರಡು ಡೋಸ್ ಹಾಕಿಸಿಕೊಂಡು ಬೂಸ್ಟರ್ ಬಿಟ್ಟವರು. ನೆರೆಮನೆಯವರೊಬ್ಬರು ಅದೇ ಎರಡು ಡೋಸಿನ ಮೇಲೂ ಜ್ವರ ಬಿದ್ದು, ವಸಡಿನಲ್ಲಿ ರಕ್ತ ಒಸರಿ, ಬದುಕಿ ಬಂದದ್ದನ್ನು ಕಣ್ಣಾರೆ ಕಂಡವರು.

"ಎಷ್ಟು ಸಲ ಹಾಕಿಸ್ಕಳ್ಳವು ಅಕ್ಕೋರೇ?" ಎಂದು ಅಪ್ಪ ಕೇಳಿದರು.

"ಈಗ ಎರಡು ಹೇಳಿದ್ದಾರೆ ಹೆಗಡೇರೇ. ಮುಂದೆ ಮತ್ತೆ ಬೇಕು ಅಂತಾರೋ ಏನೋ, ನಂಗೂ ಗೊತ್ತಿಲ್ಲ. ಹೇಳಿದ್ರೆ ನಾನೇ ಬಂದು ಹೇಳ್ತೇನೆ."

"ಹಾಕಿಸ್ಕಂಡ್ರೆ ಕೊರೊನಾ ಬತ್ತಿಲ್ಯ?"

"ಬರೂದೇ ಇಲ್ಲ ಅಂತ ನಾನು ಹೇಳೂದಿಲ್ಲ. ಬಂದ್ರೂ ಜೋರಾಗೂದು ಕಡಿಮೆ. ಆಸ್ಪತ್ರೆಗೆ ಹೋಗೂದು ತಪ್ತದೆ ಅಂತ ಹೇಳ್ತಾರೆ. ಜ್ವರ ಬರ್ತದೆ, ಮೈಕೈ ನೋಯ್ತದೆ, ಒಂದೆರಡು ದಿನ ತೋಟದ ಕೆಲಸ ಇಟ್ಕೊಳ್ಬೇಡಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಸರು ಬರೆದುಕೊಳ್ಳಲು ಹೇಳಿದರು. ಅವರು ಒಪ್ಪಿದ್ದಕ್ಕೆ ಆ 'ಗೊತ್ತಿಲ್ಲ' ಎಂಬ ಉತ್ತರವೇ ಕಾರಣ ಎಂದು ನಾನು ನಂಬಿದ್ದೇನೆ. ಮೊಬೈಲಿನಲ್ಲಿ ಯಾರಿಗೆ ಕರೆ ಮಾಡಿದರೂ ಮೊದಲು ಕೇಳಿಸುತ್ತಿದ್ದ ಧ್ವನಿಮುದ್ರಿತ ಸಂದೇಶ, ಪಂಚಾಯಿತಿಯ ಗೋಡೆಗೆ ಹಚ್ಚಿದ ಭಿತ್ತಿಪತ್ರ, ಧ್ವನಿವರ್ಧಕ ಕಟ್ಟಿಕೊಂಡು ಬಂದ ರಿಕ್ಷಾ, ಎಲ್ಲವೂ ಲಸಿಕೆ ಸುರಕ್ಷಿತ, ಹಾಕಿಸಿಕೊಳ್ಳಿ ಎಂದೇ ಹೇಳುತ್ತಿದ್ದವು. ಅದು ಸುಳ್ಳಲ್ಲ. ಆದರೆ ಹಿಂದೊಮ್ಮೆ ಹೀಗೆಯೇ ಪೂರ್ತಿ ಭರವಸೆ ಕೇಳಿ, ಅರ್ಧ ರಕ್ಷಣೆ ಪಡೆದವರಿಗೆ ಪೂರ್ತಿ ಭರವಸೆಯ ಮೇಲೆಯೇ ಅನುಮಾನ. ಎಷ್ಟು ಸಿಗುತ್ತದೆ ಎಂದು ಲೆಕ್ಕ ಕೊಟ್ಟವರ ಮಾತು ಅವರಿಗೆ ಹಿಡಿಸಿತು. ಬೇಸಾಯಗಾರರು ಖಾತ್ರಿಯಿಲ್ಲದ ಎಷ್ಟೋ ಕೆಲಸಗಳನ್ನು ವರ್ಷವೂ ಮಾಡುತ್ತಾರೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವವರು ಒಂದು ಕಾಯಿಯೂ ಉದುರುವುದಿಲ್ಲ ಎಂದು ನಂಬಿ ಹೊಡೆಯುವುದಿಲ್ಲ. ಅಂಥವರಿಗೆ ಶೇಕಡಾ ಲೆಕ್ಕ ಅರ್ಥವಾಗುವುದಿಲ್ಲ ಎಂದುಕೊಂಡು ಅಭಿಯಾನಗಳನ್ನು ರೂಪಿಸಿದ್ದು ದೊಡ್ಡ ಅನ್ಯಾಯ.

ಲಸಿಕೆ ಕೊಟ್ಟದ್ದು ಊರಿನ ಶಾಲೆಯಲ್ಲಿ. ಮಕ್ಕಳಿಲ್ಲದೆ ವರ್ಷದಿಂದ ಮುಚ್ಚಿದ್ದ ಒಂದನೇ ತರಗತಿಯ ಕೋಣೆ. ನೀಲಿ ಬಣ್ಣದ ಲಸಿಕೆ ಪೆಟ್ಟಿಗೆಯನ್ನು ಅಕ್ಕೋರು ಮೇಷ್ಟರ ಮೇಜಿನ ಮೇಲೆ ಇಟ್ಟಿದ್ದರು. ಒಳಗೆ ನಾಲ್ಕು ಬದಿಗೆ ನಾಲ್ಕು ಐಸ್ ಪ್ಯಾಕ್, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಕೋವಿಶೀಲ್ಡ್ ಸೀಸೆಗಳು. ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಯೇ ಇರಬೇಕಾದ ಔಷಧ. ಒಂದು ಸೀಸೆಯಲ್ಲಿ ಹತ್ತು ಡೋಸ್, ಒಬ್ಬರಿಗೆ ಅರ್ಧ ಎಂಎಲ್, ಒಮ್ಮೆ ಮುಚ್ಚಳದ ರಬ್ಬರಿಗೆ ಸೂಜಿ ತಾಗಿಸಿದರೆ ನಾಲ್ಕು ಗಂಟೆಯೊಳಗೆ ಹತ್ತೂ ಮುಗಿಯಬೇಕು, ಉಳಿದದ್ದು ವ್ಯರ್ಥ. ಆ ದಿನ ಮೊದಲ ಸೀಸೆಗೆ ಜನ ಸಾಕಷ್ಟಿದ್ದರು. ಎರಡನೆಯದಕ್ಕೆ ಮೂವರು ಕಡಿಮೆ ಬಿದ್ದರು. ಬೆಂಚಿನ ಮೇಲೆ ಕೂತವರ ಪೈಕಿ ಇಬ್ಬರು ಅಜ್ಜಂದಿರು ನಡೆದೇ ಬಂದವರು, ಮರಳಿ ಹೋಗಿ ಇನ್ನೊಂದು ದಿನ ಬನ್ನಿ ಎಂದರೆ ಬರುವವರಲ್ಲ. ಅಕ್ಕೋರು ಸೀಸೆಯನ್ನು ಕೈಯಲ್ಲಿ ತೆಗೆದುಕೊಂಡು ನೋಡಿ ಮತ್ತೆ ಪೆಟ್ಟಿಗೆಯೊಳಗೆ ಇಟ್ಟರು. ಆಶಾ ಛತ್ರಿ ಹಿಡಿದು ಬಿಸಿಲಿನಲ್ಲಿ ಕೆಳಗಿನ ಕೇರಿಗೆ ಇಳಿದಳು. ಅಡಿಕೆ ಸುಲಿಯುತ್ತಿದ್ದ ಮನೆಯೊಂದರಿಂದ ಇಬ್ಬರು ಹೆಂಗಸರನ್ನು, ಅವರ ಹಿಂದೆಯೇ ಬಂದ ಒಬ್ಬ ಮುದುಕಪ್ಪನನ್ನು ಕರೆತಂದಾಗ ಮಧ್ಯಾಹ್ನ ಕಳೆದಿತ್ತು. ಹೆಂಗಸರ ಬೆರಳುಗಳಿಗೆ ಅಡಿಕೆ ಸಿಪ್ಪೆಯ ಧೂಳು ಮೆತ್ತಿಕೊಂಡಿತ್ತು, ಅದನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಅವರು ಆಧಾರ್ ಕಾರ್ಡು ತೆಗೆದು ಕೊಟ್ಟರು. ಅಕ್ಕೋರು ಸೀಸೆ ತೆರೆದ ಹೊತ್ತನ್ನು ಗಡಿಯಾರ ನೋಡಿ ಸೀಸೆಯ ಮೇಲೆಯೇ ಬರೆದರು. ದೇಶ ಆ ವರ್ಷದ ಅಕ್ಟೋಬರ್ 21ಕ್ಕೆ ನೂರು ಕೋಟಿ ಡೋಸ್ ದಾಟಿತು ಎಂದು ಎಲ್ಲೆಡೆ ಸಂಭ್ರಮಿಸಿದಾಗ ನನಗೆ ನೆನಪಾದದ್ದು ಹೀಗೆ ಮೂವರಿಗಾಗಿ ಕಾದ ಆ ಹೊತ್ತು. ಎಷ್ಟು ಸಾವಿರ ಶಾಲೆಗಳಲ್ಲಿ ಎಷ್ಟು ಸಾವಿರ ಮಂದಿ ಹೀಗೆ ಬಿಸಿಲಿನಲ್ಲಿ ಇಳಿದು ಹತ್ತಿದ್ದಾರೋ!

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಲಸಿಕೆ ಸಿಕ್ಕಿದ್ದು ಏಪ್ರಿಲಿನಲ್ಲಿ, ನಲವತ್ತೈದು ದಾಟಿದವರೆಲ್ಲರಿಗೂ ಎಂದಾದ ಮೇಲೆ. ಇಲ್ಲಿಂದ ಗೊಂದಲ ಆರಂಭವಾಯಿತು. ಕೋವಿಶೀಲ್ಡಿನ ಎರಡು ಡೋಸಿನ ನಡುವೆ ಮೊದಲು ನಾಲ್ಕರಿಂದ ಆರು ವಾರ ಎಂದಿದ್ದರು. ಮಾರ್ಚ್ ಕೊನೆಗೆ ಆರರಿಂದ ಎಂಟು ವಾರವಾದರೆ ಒಳ್ಳೆಯದು ಎಂದಾಯಿತು. ಮೇ 13ರಂದು ಹನ್ನೆರಡರಿಂದ ಹದಿನಾರು ವಾರ ಎಂದರು. ಅಂತರ ಹೆಚ್ಚಿದಷ್ಟೂ ರೋಗನಿರೋಧಕ ಶಕ್ತಿ ಚೆನ್ನಾಗಿ ಬೆಳೆಯುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಕಿ ಅಂಶಗಳ ಆಧಾರವಿತ್ತು. ಅದೇ ಹೊತ್ತಿಗೆ ಲಸಿಕೆಯ ಕೊರತೆಯೂ ಇತ್ತು. ಎರಡೂ ನಿಜವಾಗಿರುವಾಗ ಎರಡನ್ನೂ ಹೇಳಬೇಕಿತ್ತು. ಮೊದಲನೆಯದನ್ನಷ್ಟೇ ಹೇಳಿದ್ದರಿಂದ ಜನರು ಎರಡನೆಯದನ್ನಷ್ಟೇ ನಂಬಿದರು. ಅಕ್ಕೋರು ಮಾತ್ರ ಆಯಿಯ ಚೀಟಿಯ ಮೇಲಿನ ಹಳೆಯ ತಾರೀಕನ್ನು ಹೊಡೆದು ಹೊಸದನ್ನು ಬರೆದುಕೊಡುವಾಗ, "ಮದ್ದು ಕಡಿಮೆ ಬರ್ತಾ ಇದೆ ಅಮ್ಮ. ಆದ್ರೆ ತಡ ಆದ್ರೆ ತೊಂದರೆ ಇಲ್ಲ, ಒಳ್ಳೆದೇ ಅಂತ ಡಾಕ್ಟರು ಹೇಳಿದ್ದಾರೆ" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೋದರು.

ಎರಡನೇ ಅಲೆ ನಮ್ಮ ಮನೆತನವನ್ನು ಮುಟ್ಟಿದ್ದು ಮೇ ತಿಂಗಳಲ್ಲಿ. ಚಿಕ್ಕಪ್ಪನಿಗೆ ಐವತ್ತರ ಮೇಲೆ ಕೆಲವು ವರ್ಷ. ತೋಟದ ಕೆಲಸ ಮುಗಿಸಿ ಹಾಕಿಸಿಕೊಂಡರಾಯಿತು ಎಂದು ಮುಂದೂಡಿದ್ದರು. ಜ್ವರ ಬಂದ ನಾಲ್ಕನೇ ದಿನವೂ ಅಂಗಳದಲ್ಲಿ ಓಡಾಡಿಕೊಂಡಿದ್ದ ಅವರ ಬೆರಳಿಗೆ ಆಶಾ ಆಕ್ಸಿಮೀಟರ್ ಸಿಕ್ಕಿಸಿದಾಗ ತೋರಿದ ಅಂಕಿಯನ್ನು ಮೊದಲು ಯಾರೂ ನಂಬಲಿಲ್ಲ, ಬೆರಳು ತಣ್ಣಗಿದೆ ಎಂದು ಉಜ್ಜಿ ಮತ್ತೊಮ್ಮೆ ನೋಡಿದರು. ಆಮ್ಲಜನಕದ ಹಾಸಿಗೆ ಹುಡುಕಿಕೊಂಡು ಆಂಬುಲೆನ್ಸ್ ಘಟ್ಟ ಇಳಿದದ್ದು ರಾತ್ರಿ. ಅದೇ ವಾರ ತೌಕ್ತೆ ಚಂಡಮಾರುತ ಕರಾವಳಿಗೆ ಅಪ್ಪಳಿಸಿ ಮರಗಳು ರಸ್ತೆಗೆ ಅಡ್ಡ ಬಿದ್ದಿದ್ದವು, ಫೋನು ಸಿಗುತ್ತಿರಲಿಲ್ಲ. ಚಿಕ್ಕಮ್ಮನಿಗೆ ಗಂಡನ ಸುದ್ದಿ ದಿನಕ್ಕೊಮ್ಮೆ ಯಾರದೋ ಮೂಲಕ ತಲುಪುತ್ತಿತ್ತು. ಹನ್ನೊಂದು ಜನ ಒಂದೇ ಒಲೆಯಲ್ಲಿ ಉಂಡು ಬೆಳೆದ ಮನೆಯ ಮಗನನ್ನು ಮನೆಯವರು ಯಾರೂ ಮುಟ್ಟದೆ, ಮುಖ ನೋಡದೆ ಕಳಿಸಿಕೊಡಬೇಕಾಯಿತು. ಅವರನ್ನು ಸುಟ್ಟ ಸಿಬ್ಬಂದಿಯ ಹುಡುಗರು ಯಾರೆಂದು ನಮಗೆ ತಿಳಿಯದು. ಅವರಿಗೆ ಕೈಮುಗಿಯಬೇಕೆಂಬ ಆಸೆ ಅಪ್ಪನಿಗೆ ಇವತ್ತಿಗೂ ಉಳಿದಿದೆ. ವೈಕುಂಠ ಸಮಾರಾಧನೆಗೆ ಎಲೆ ಹಾಕಿದ್ದು ಮನೆಯವರಿಗಷ್ಟೇ.

ಚಿಕ್ಕಪ್ಪ ಹೋದ ಮೇಲೆ ಊರಿನಲ್ಲಿ ಲಸಿಕೆ ಕೇಳುವವರು ಹೆಚ್ಚಾದರು, ಕೊಡಲು ಲಸಿಕೆಯೇ ಇಲ್ಲವಾಯಿತು. ಹದಿನೆಂಟರಿಂದ ನಲವತ್ತನಾಲ್ಕರವರಿಗೆ ರಾಜ್ಯದಲ್ಲಿ ಮೇ ತಿಂಗಳಲ್ಲಿ ಆರಂಭಿಸಿ ಕೆಲವೇ ದಿನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದರು. ಕೊಡುತ್ತಿದ್ದಾಗಲೂ ಕೋವಿನ್‌ನಲ್ಲಿ ಮೊದಲೇ ಸ್ಲಾಟ್ ಹಿಡಿಯಬೇಕು. ನಮ್ಮ ಮನೆಯಿಂದ ಸಿಗ್ನಲ್ ಸಿಗಬೇಕಾದರೆ ಹಿತ್ತಲ ಧರೆ ಹತ್ತಿ ಬೇಣದ ಮೇಲಿನ ಹೊನ್ನೆ ಮರದ ಬುಡಕ್ಕೆ ಹೋಗಬೇಕು. ಊರಿನ ಹುಡುಗರೆಲ್ಲ ಸಂಜೆ ಅಲ್ಲಿ ಕೂತು ಒಟಿಪಿಗಾಗಿ ಕಾಯುತ್ತಿದ್ದೆವು. ಆರಂಕಿಯ ಸಂಖ್ಯೆ ಬಂದು ಅದನ್ನು ಒತ್ತುವಷ್ಟರಲ್ಲಿ ಪುಟದ ಅವಧಿ ಮುಗಿಯುತ್ತಿತ್ತು. ಪುಟವೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಸೇರಿದ್ದು ಜೂನಿನಲ್ಲಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸ್ಲಾಟನ್ನು ದೂರದ ಪೇಟೆಯವರು ಹಿಡಿದು, ಕಾರಿನಲ್ಲಿ ಬಂದು ಹಾಕಿಸಿಕೊಂಡು ಹೋದದ್ದನ್ನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಜೀವಭಯವಿತ್ತು. ಆದರೆ ಸಿಗ್ನಲ್ ಇದ್ದವರಿಗೆ ಲಸಿಕೆ ಎಂಬ ಏರ್ಪಾಡನ್ನು ಮಾಡಿದವರು ಒಮ್ಮೆ ನಮ್ಮ ಬೇಣಕ್ಕೆ ಬಂದು ಮರದಡಿ ಕೂರಬೇಕಿತ್ತು. ಜೂನ್ 21ರಿಂದ ಎಲ್ಲ ವಯಸ್ಕರಿಗೂ ಕೇಂದ್ರವೇ ಉಚಿತವಾಗಿ ಕೊಡುತ್ತದೆ, ನೇರವಾಗಿ ಬಂದರೂ ಸಾಕು ಎಂದಾದ ಮೇಲೆ ನನಗೂ ಅದೇ ಶಾಲೆಯಲ್ಲಿ, ಅದೇ ಅಕ್ಕೋರ ಕೈಯಿಂದ ಮೊದಲ ಡೋಸ್ ಆಯಿತು. ರಾತ್ರಿ ಚಳಿ ಹುಟ್ಟಿ ಎರಡು ಕಂಬಳಿ ಹೊದ್ದೆ. ಮರುದಿನ ಆಯಿಯ ಮೆಣಸಿನ ಸಾರು ಉಂಡು ಎದ್ದೆ.

ಕಾರವಾರದಲ್ಲಿರುವ ಅಕ್ಕನ ಮನೆಯ ಕತೆ ಬೇರೆ. ಭಾವನ ಕೆಲಸ ಗೋವಾದಲ್ಲಿ. ಸದಾಶಿವಗಡ ದಾಟಿ ಮಾಜಾಳಿಯ ಗಡಿಯಲ್ಲಿ ದಿನವೂ ಓಡಾಡುವ ನೂರಾರು ಜನರಲ್ಲಿ ಅವರೂ ಒಬ್ಬರು. ಗಡಿ ಎಂಬುದೊಂದಿದೆ ಎಂದು ಅವರಿಗೆ ನಿಜವಾಗಿ ಗೊತ್ತಾದದ್ದು 2020ರಲ್ಲಿ. 2021ರ ಮೇ ತಿಂಗಳಲ್ಲಿ ಗೋವಾ ಪ್ರವೇಶಕ್ಕೆ ನೆಗೆಟಿವ್ ವರದಿ ಕಡ್ಡಾಯವಾದ ಮೇಲೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದೇ ಕೆಲಸದ ಒಂದು ಭಾಗವಾಯಿತು. ಅವರು ಲಸಿಕೆಗೆ ಅವಸರಪಟ್ಟದ್ದು ರೋಗದ ಹೆದರಿಕೆಗಿಂತ ಹೆಚ್ಚಾಗಿ ಎರಡು ಡೋಸಿನ ಪ್ರಮಾಣಪತ್ರಕ್ಕಾಗಿ. ಬೈತಖೋಲದ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಬಂದ ಹೊರರಾಜ್ಯದ ಹುಡುಗರು ಮೊದಲ ಡೋಸ್ ಇಲ್ಲಿ ಹಾಕಿಸಿಕೊಂಡು, ಜೂನ್ ಜುಲೈ ತಿಂಗಳ ಮೀನುಗಾರಿಕೆ ನಿಷೇಧಕ್ಕೆ ಊರಿಗೆ ಹೋಗಿ, ಎರಡನೆಯದು ಎಲ್ಲಿ ಎಂದು ತಿಳಿಯದೆ ಫೋನು ಮಾಡುತ್ತಿದ್ದುದನ್ನು ಅಕ್ಕ ಹೇಳುತ್ತಿದ್ದಳು. ಹೊಟ್ಟೆಪಾಡಿನ ಸಲುವಾಗಿ ಹಾಕಿಸಿಕೊಂಡ ಲಸಿಕೆಯೂ ರಕ್ಷಿಸುತ್ತದೆ ಎಂಬುದು ಸರಿಯೇ. ಆದರೂ ಗಡಿಯಲ್ಲಿ ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಯಾರೂ ಉತ್ತರಿಸಲಿಲ್ಲ. ಆ ಮೌನದ ಫಲ ಮೂರು ವರ್ಷದ ಮೇಲೆ ಕಂಡಿತು.

ಮಧ್ಯದಲ್ಲಿ ಸುಳ್ಳುಗಳು ಬಂದವು. ಲಸಿಕೆ ಪಡೆದವರು ಎರಡು ವರ್ಷದಲ್ಲಿ ಸಾಯುತ್ತಾರೆ ಎಂದು ನೊಬೆಲ್ ಪಡೆದ ಫ್ರೆಂಚ್ ವಿಜ್ಞಾನಿಯೊಬ್ಬರು ಹೇಳಿದ್ದಾರೆಂಬ ಸಂದೇಶ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಅವರು ಹಾಗೆ ಹೇಳಿರಲೇ ಇಲ್ಲ. ಎರಡು ವರ್ಷ ಕಳೆದ ಮೇಲೆ ಆ ಸುಳ್ಳು ತಾನಾಗಿಯೇ ಬಿತ್ತು. 2024ರ ಏಪ್ರಿಲ್ ಕೊನೆಯಲ್ಲಿ ಬಂದ ಸುದ್ದಿ ಹಾಗಲ್ಲ. ಕೋವಿಶೀಲ್ಡಿನ ಮೂಲ ಲಸಿಕೆಯನ್ನು ತಯಾರಿಸಿದ ಆಸ್ಟ್ರಾಜೆನೆಕಾ ಕಂಪನಿ, ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ಅಡ್ಡಪರಿಣಾಮ ಉಂಟಾಗಬಹುದೆಂದು ಬ್ರಿಟನ್ನಿನ ನ್ಯಾಯಾಲಯದ ದಾಖಲೆಯಲ್ಲಿ ಒಪ್ಪಿಕೊಂಡಿದೆ ಎಂಬ ಸುದ್ದಿ ನಿಜವಾದದ್ದು. ಭಾವ ಆ ರಾತ್ರಿ ಫೋನು ಮಾಡಿದಾಗ ಅವರ ಧ್ವನಿಯಲ್ಲಿ ನಡುಕವಿತ್ತು. ಈ ಅಪಾಯದ ಬಗ್ಗೆ ಯುರೋಪಿನ ಔಷಧ ಸಂಸ್ಥೆ 2021ರ ಏಪ್ರಿಲಿನಲ್ಲಿಯೇ ಬಹಿರಂಗವಾಗಿ ಹೇಳಿತ್ತು, ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಡೋಸ್ ಆದ ಮೊದಲ ಕೆಲವು ವಾರಗಳಲ್ಲಿ, ಮೂರು ವರ್ಷದ ಮೇಲೆ ಅದಕ್ಕೆ ಅಂಜಬೇಕಿಲ್ಲ ಎಂದು ನಾನು ವಿವರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಹಂಗಾರೆ ಆವಾಗ್ಲೇ ಎಂತಕ್ಕೆ ಹೇಳಿದ್ವಿಲ್ಲೆ?" ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಲಸಿಕೆ ಆದ ವಾರಗಳಲ್ಲಿ ತೀವ್ರ ತಲೆನೋವು, ಉಸಿರಾಟದ ತೊಂದರೆ, ಕಾಲಿನ ಬಾವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂಬ ನಾಲ್ಕು ಸಾಲನ್ನು ಚೀಟಿಯ ಹಿಂದೆ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿಯೊಬ್ಬರ ಕೈಗೂ ಕೊಟ್ಟಿದ್ದರೆ ಯಾರೂ ಓಡಿಹೋಗುತ್ತಿರಲಿಲ್ಲ. ಹೋಗುವವರಿದ್ದರೆ ಅದು ಅವರ ಹಕ್ಕು. ಆದರೆ ಅದೇ ಸುದ್ದಿ 2024ರಲ್ಲಿ ಬಾಂಬಿನಂತೆ ಬಂದು ಬೀಳುತ್ತಿರಲಿಲ್ಲ.

ಇಷ್ಟು ಬರೆದು ಮಂಗನ ಕಾಯಿಲೆಯ ಲಸಿಕೆಗೆ ಮರಳದಿರಲಾರೆ. 2022ರಲ್ಲಿ ಆ ಲಸಿಕೆಯನ್ನು ಕೊಡುವುದನ್ನೇ ನಿಲ್ಲಿಸಿದರು. ಅದರ ಸಾಮರ್ಥ್ಯ ಸಾಲದು ಎಂಬುದು ಪರೀಕ್ಷೆಗಳಲ್ಲಿ ಕಂಡಿತ್ತು. ಹಾಗಾಗಿ ಆ ನಿರ್ಧಾರ ಸರಿಯೇ ಇರಬಹುದು. ಆದರೆ ಯಾಕೆ ನಿಲ್ಲಿಸಿದರು ಎಂಬುದನ್ನು ವರ್ಷ ವರ್ಷ ತೋಳು ಕೊಟ್ಟವರ ಮನೆಗೆ ಬಂದು ಯಾರೂ ಹೇಳಲಿಲ್ಲ. ಪಟ್ಟಿ ಹಿಡಿದು ಬರುತ್ತಿದ್ದವರು ಒಂದು ವರ್ಷ ಬರಲಿಲ್ಲ, ಅಷ್ಟೇ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಮತ್ತೆ ಹರಡಿ ಸಾವುಗಳಾದಾಗ ಜನರ ಕೈಯಲ್ಲಿ ಉಳಿದಿದ್ದದ್ದು ತೈಲದ ಬಾಟಲಿ ಮಾತ್ರ. ಒಂದು ಕಡೆ ಕೋವಿಶೀಲ್ಡಿನ ಸುದ್ದಿ, ಇನ್ನೊಂದು ಕಡೆ ಲಸಿಕೆಯೇ ಇಲ್ಲದ ಕಾಡುಜ್ವರ, ಎರಡೂ ಕೆಲವೇ ತಿಂಗಳ ಅಂತರದಲ್ಲಿ ಬಂದವು. ಯಾವ ಮದ್ದನ್ನು ನಂಬಬೇಕು ಎಂದು ನಮ್ಮ ಕೊನೆಗೌಡ ಕೇಳಿದ್ದು ಆ ದಿನಗಳಲ್ಲಿ.

ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೋಲಾಜಿಕಲ್ಸ್ ಕೈಗೆತ್ತಿಕೊಂಡಿವೆ. ಅದು ಯಶಸ್ವಿಯಾಗಲಿ, ಬೇಗ ಬರಲಿ ಎಂದು ಮನಸಾರೆ ಬಯಸುತ್ತೇನೆ. ಬರುವಾಗ ಅದು ಒಂದು ಹಾಳೆಯನ್ನೂ ಜತೆಗೆ ತರಬೇಕು: ಎಷ್ಟು ಡೋಸ್, ನೂರರಲ್ಲಿ ಎಷ್ಟು ಜನರಿಗೆ ರಕ್ಷಣೆ, ತೋಳು ಎಷ್ಟು ದಿನ ನೋಯುತ್ತದೆ, ಏನಾದರೆ ಯಾರಿಗೆ ಫೋನು ಮಾಡಬೇಕು, ಮುಂದೆ ನಿಲ್ಲಿಸಿದರೆ ಯಾಕೆ ಎಂದು ಬಂದು ಹೇಳುವವರು ಯಾರು. ಹಳೆಯ ಅಕ್ಕೋರು ನಿವೃತ್ತರಾಗಿ ಕುಮಟೆಗೆ ಹೋದರು. ಈಗ ಬಂದವರು ವಯಸ್ಸಿನಲ್ಲಿ ಚಿಕ್ಕವರು, ಸ್ಕೂಟಿಯಲ್ಲಿ ಓಡಾಡುತ್ತಾರೆ, ಊರಿನ ಒಳದಾರಿಗಳು ಅವರಿಗಿನ್ನೂ ಪೂರ್ತಿ ಪರಿಚಯವಾಗಿಲ್ಲ. ಹೊಸ ಲಸಿಕೆಯ ಹೊಣೆ ಅವರ ಹೆಗಲಿಗೇ ಬೀಳುತ್ತದೆ. ಹಳೆಯದು ಅರವತ್ತೈದರವರೆಗಿನವರಿಗೆ ಮಾತ್ರ ಇದ್ದದ್ದರಿಂದ ಹೊಸದೂ ತನಗೆ ಸಿಗಲಿಕ್ಕಿಲ್ಲ ಎಂದು ಅಪ್ಪನಿಗೆ ಗೊತ್ತು. ಆದರೂ ಮೊನ್ನೆ ಹೊಸ ಅಕ್ಕೋರು ಜಂತುಹುಳುವಿನ ಮಾತ್ರೆ ಕೊಡಲು ಬಂದಾಗ ಕೂರಿಸಿ ಕಷಾಯ ಕೊಟ್ಟು, ಹೊಸ ಸೂಜಿ ಬಂದರೆ ಎಷ್ಟು ಸಲ ಹಾಕಿಸಿಕೊಳ್ಳಬೇಕಾಗುತ್ತದೆ ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದು ಅವರು ಡೈರಿಯಲ್ಲಿ ಬರೆದುಕೊಂಡಿದ್ದಾರೆ.